ನೇತ್ರಾಣಿಯನ್ನು ಪ್ಲಾನ್‌ನಿಂದ ತೆಗೆದ ಕಥೆ

ಹಳೇಬೀಡಿನಿಂದ ಮಾತಾಡ್ತಾ ಇದೀನಿ. ಮನೇಲಿ ಕರೆಂಟ್ ಇಲ್ಲ, ಅದಕ್ಕೆ ಕೆರೆ ಏರಿ ಮೇಲೆ ಕೂತು ಫೋನಲ್ಲೇ ರೆಕಾರ್ಡ್ ಮಾಡ್ತಾ ಇದೀನಿ. ಮಧ್ಯೆ ಹಕ್ಕಿ ಕೂಗಿದ್ರೆ, ಟ್ರ್ಯಾಕ್ಟರ್ ಹೋದ್ರೆ ಸಹಿಸ್ಕೊಳ್ಳಿ.

ಇವತ್ತು ಶುರುವಲ್ಲೇ ಒಂದು ತಪ್ಪು ಒಪ್ಕೋಬೇಕು. ಫೆಬ್ರವರಿಯಲ್ಲಿ ಬಂದ ಸೇಂಟ್ ಮೇರೀಸ್ ದ್ವೀಪದ ಎಪಿಸೋಡ್ ನಿಮ್ಮಲ್ಲಿ ತುಂಬ ಜನ ಕೇಳಿದೀರಿ. ನಾನು, ನನ್ನ ಅರಸೀಕೆರೆ ಗೆಳೆಯ ಇಬ್ಬರೂ ಮಲ್ಪೆಯಿಂದ ಕಯಾಕ್‌ನಲ್ಲಿ ಆ ದ್ವೀಪಕ್ಕೆ ಹೋಗಿ ಬಂದಿದ್ದು. ಕೊನೇಲಿ ನಾನು 'ಮಸ್ತಾಗಿತ್ತು, ನೀವೂ ಹೋಗಿ' ಅಂತ ಹೇಳಿದ್ದೆ. ಆ ಎಪಿಸೋಡ್‌ನಲ್ಲಿ ಒಂದು ಭಾಗ ನಾನು ಕಟ್ ಮಾಡಿದ್ದೆ. ವಾಪಸ್ ಬರುವಾಗ ನನ್ನ ಗೆಳೆಯ ನೀರಿಗೆ ಬಿದ್ದಿದ್ದ, ಅವನನ್ನ ಮತ್ತೆ ಕಯಾಕ್‌ಗೆ ಹತ್ತಿಸೋಕೆ ನನ್ನ ಕೈಲಿ ಆಗಿರಲಿಲ್ಲ.

ಯಾಕೆ ಈಗ ಹೇಳ್ತಾ ಇದೀನಿ? ಹೋದ ತಿಂಗಳು ಒಬ್ಬ ಕೇಳುಗ ಮೆಸೇಜ್ ಮಾಡಿದ್ದ. 'ಅಣ್ಣ, ನಿಮ್ಮ ಎಪಿಸೋಡ್ ಕೇಳಿ ನಾವು ಮೂರು ಜನ ಡಿಸೆಂಬರ್‌ನಲ್ಲಿ ಹೋಗ್ತಾ ಇದೀವಿ. ಯಾವ ಕಯಾಕ್ ತಗೋಬೇಕು?' ಜೊತೆಗೆ ಒಂದು ಫೋಟೋ. ರೆಸಾರ್ಟ್‌ಗಳ ಕೆರೇಲಿ ಇರುತ್ತಲ್ಲ, ಮೇಲೆ ಕೂತು ಹೋಗೋ ಗಿಡ್ಡ ಪ್ಲಾಸ್ಟಿಕ್ ಕಯಾಕ್, ಅದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಇವತ್ತಿನ ಮಾತು ಪೂರ್ತಿ ಪ್ಲಾನಿಂಗ್ ಬಗ್ಗೆ. ಬರೋ ಜನವರಿಯಲ್ಲಿ ನಾವಿಬ್ಬರೂ ಹೊನ್ನಾವರದಿಂದ ಮಲ್ಪೆವರೆಗೆ, ಬಸವರಾಜ ದುರ್ಗದಿಂದ ಸೇಂಟ್ ಮೇರೀಸ್ ದ್ವೀಪದವರೆಗೆ ಹುಟ್ಟು ಹಾಕ್ಕೊಂಡು ಹೋಗ್ಬೇಕು ಅಂತ ಇದೀವಿ. ಆ ಪ್ಲಾನ್ ಹೇಗೆ ಹುಟ್ಟಿತು, ಯಾವ್ಯಾವ ಕಡೆ ಹರಿದು ಹಾಕಿದ್ವಿ, ನಡುವೆ ಇದ್ದ ದೊಡ್ಡ ದ್ವೀಪ ನೇತ್ರಾಣಿಯನ್ನ ಯಾಕೆ ತೆಗೆದ್ವಿ, ಅದೇ ಕಥೆ.

ಮೊದಲು, ಹಳೇಬೀಡಿನವನಿಗೆ ಸಮುದ್ರ ಯಾಕೆ? ನಮ್ಮಮ್ಮ ದಿನಾ ಕೇಳೋ ಪ್ರಶ್ನೆ. ನಾನೀಗ ಕೂತಿರೋ ಕೆರೆ ಇದೆಯಲ್ಲ, ಇದರಿಂದಲೇ ಹೊಯ್ಸಳರ ರಾಜಧಾನಿಗೆ ದೋರಸಮುದ್ರ ಅಂತ ಹೆಸರು. ದ್ವಾರಸಮುದ್ರ ಅಂತಲೂ ಅಂತಾರೆ. ಹೆಸರಲ್ಲೇ ಸಮುದ್ರ ಇದೆ, ಊರಲ್ಲಿ ಉಪ್ಪುನೀರು ಇಲ್ಲ. ಯಗಚಿ ನೀರು ಹೇಮಾವತಿಗೆ ಸೇರಿ, ಅಲ್ಲಿಂದ ಕಾವೇರಿಗೆ ಹೋಗಿ, ಬಂಗಾಳ ಕೊಲ್ಲಿಗೆ ಬೀಳುತ್ತೆ. ನಾವು ಮಾತ್ರ ಚಾರ್ಮಾಡಿ ಘಾಟಿ ಇಳಿದು ಅರಬ್ಬೀ ಸಮುದ್ರಕ್ಕೆ ಹೋಗ್ತೀವಿ. ಅಮ್ಮನಿಗೆ ಇಷ್ಟು ಹೇಳಿದ್ರೆ 'ನೀರಿಗೇ ಗೊತ್ತು ಯಾವ ಕಡೆ ಹೋಗ್ಬೇಕು ಅಂತ, ನಿನಗೆ ಗೊತ್ತಿಲ್ಲ' ಅಂತಾರೆ.

ಕಯಾಕ್ ಮೊದಲು ಹಿಡಿದಿದ್ದು ಬೇಲೂರು ಹತ್ತಿರದ ಯಗಚಿ ಹಿನ್ನೀರಲ್ಲಿ. ಅಲ್ಲಿ ಜಲಸಾಹಸ ಕ್ರೀಡೆ ನಡೆಯುತ್ತೆ ಅಂತ ಈ ಕಡೆಯವರಿಗೆಲ್ಲ ಗೊತ್ತು. ನಾನು ಆಗ ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ದೆ, ಗೆಳೆಯ ಪಕ್ಕದ ಅಂಗಡೀಲಿ ಇದ್ದ. ಭಾನುವಾರ ಬೈಕ್‌ನಲ್ಲಿ ಹೋಗಿ ಹುಟ್ಟು ಹಾಕಿ ಬರೋದು. ಎರಡು ವರ್ಷ ಹೀಗೇ ನಡೀತು. ಹಿನ್ನೀರಲ್ಲಿ ನಾವು ರಾಜರು.

ಆಮೇಲೆ ಒಂದು ರಾತ್ರಿ ಗೂಗಲ್ ಮ್ಯಾಪ್ ತೆಗೆದು ಗೆರೆ ಎಳೆದ್ವಿ. ಮೊದಲು ಕಾರವಾರ ನೋಡಿದ್ವಿ. ಕೂರ್ಮಗಡ, ದೇವಗಡ, ಅಂಜುದೀವ್, ಒಂದರ ಪಕ್ಕ ಒಂದು ದ್ವೀಪ. ಆದರೆ ಅಲ್ಲಿ ನೌಕಾಪಡೆಯ ಐಎನ್‌ಎಸ್ ಕದಂಬ ಇದೆ, ಅಂಜುದೀವ್ ಅಂತೂ ಅವರದ್ದೇ. ಗುರುತಿಲ್ಲದ ಎರಡು ಕಯಾಕ್ ಆ ಕಡೆ ತೇಲಿಬಂದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ ಬೆರಳನ್ನ ಕೆಳಗೆ ಸರಿಸಿದ್ವಿ. ಹೊನ್ನಾವರದ ಹತ್ತಿರ ಬಸವರಾಜ ದುರ್ಗ, ಕೆಳದಿ ಅರಸರ ಕೋಟೆ ಇರೋ ದ್ವೀಪ. ಅಲ್ಲಿಂದ ನೇತ್ರಾಣಿಗೆ ಗೆರೆ ಎಳೆದ್ರೆ ಸುಮಾರು 34 ಕಿಲೋಮೀಟರ್. ನೇತ್ರಾಣಿಯಿಂದ ಸೇಂಟ್ ಮೇರೀಸ್‌ಗೆ ಸುಮಾರು 80. ಮೂರು ದ್ವೀಪ, ಎರಡು ಗೆರೆ, ಎರಡು ದಿನ. 'ಮಗಾ, ಇಷ್ಟೇನಾ?' ಅಂದ ಗೆಳೆಯ. ನಾನೂ ಇಷ್ಟೇ ಅಂದೆ.

ಈಗ ಲೆಕ್ಕ ನೋಡಿ. ಸಾಮಾನು ತುಂಬಿದ ಸಮುದ್ರದ ಕಯಾಕ್‌ನಲ್ಲಿ ನಮ್ಮಂಥವರು ಗಂಟೆಗೆ 5 ಕಿಲೋಮೀಟರ್ ಹೋದ್ರೆ ದೊಡ್ಡದು. 80 ಕಿಲೋಮೀಟರ್ ಅಂದ್ರೆ 16 ಗಂಟೆ. ನಡುವೆ ಇಳಿಯೋಕೆ ನೆಲ ಇಲ್ಲ, ಕಾಲು ಚಾಚೋಕೆ ಜಾಗ ಇಲ್ಲ, ಮೂತ್ರಕ್ಕೂ ಕೂತಲ್ಲೇ. ಗಾಳಿ ಎದುರು ಬಂದ್ರೆ 5 ಹೋಗಿ 3 ಆಗುತ್ತೆ, ಆಗ ಲೆಕ್ಕವೇ ಬೇರೆ. ಇನ್ನೊಂದು ವಿಷಯ ಮ್ಯಾಪ್ ಹೇಳಲ್ಲ. ಕಯಾಕ್‌ನಲ್ಲಿ ಕೂತವನ ಕಣ್ಣು ನೀರಿನಿಂದ ಮುಕ್ಕಾಲು ಮೀಟರ್ ಎತ್ತರದಲ್ಲಿ ಇರುತ್ತೆ. ಆ ಎತ್ತರದಿಂದ ದಿಗಂತ ಬರೀ ಮೂರು ಕಿಲೋಮೀಟರ್ ದೂರ. ತಗ್ಗಿನ ದಡ ಬೇಗ ಮುಳುಗಿಹೋಗುತ್ತೆ, ಸೇಂಟ್ ಮೇರೀಸ್ ಥರದ ಚಪ್ಪಟೆ ದ್ವೀಪ ತುಂಬ ಹತ್ತಿರ ಬರೋವರೆಗೆ ಕಾಣೋದೇ ಇಲ್ಲ. ನಮಗೆ ಇದ್ಯಾವುದೂ ಆವಾಗ ಗೊತ್ತಿರಲಿಲ್ಲ. ಗೆರೆ ನೇರವಾಗಿತ್ತು, ಖುಷಿಯಾಗಿತ್ತು.

ಅದಕ್ಕೂ ಮೊದಲು ಒಂದು ಟ್ರಯಲ್ ಇರಲಿ ಅಂತ ಫೆಬ್ರವರಿಯಲ್ಲಿ ಮಲ್ಪೆಗೆ ಹೋದ್ವಿ. ಪರಿಚಯದವರೊಬ್ಬರು ಎರಡು ಸೀ ಕಯಾಕ್ ಕೊಟ್ಟಿದ್ರು. ಐದು ಮೀಟರ್ ಹತ್ತಿರ ಉದ್ದ, ಒಳಗೆ ಕಾಲು ತೂರಿಸಿ ಕೂರೋದು, ಮುಂದೆ ಹಿಂದೆ ನೀರು ಹೋಗದ ಹಾಗೆ ಮುಚ್ಚಿದ ಖಾನೆಗಳು. ಅವರು ಹೇಳಿದ್ದು ಒಂದೇ ಮಾತು: 'ಹತ್ತು ಗಂಟೆಗೆ ದ್ವೀಪ ಬಿಡಿ.' ಮಲ್ಪೆಯಿಂದ ಅಲ್ಲಿಗೆ 6 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಸಮುದ್ರ ಕನ್ನಡಿ ಥರ ಇತ್ತು. ಒಂದು ಗಂಟೆ ಚಿಲ್ಲರೇಲಿ ಮುಟ್ಟಿದ್ವಿ.

ಹತ್ತು ಗಂಟೆಗೆ ನಾವು ಬಿಡಲಿಲ್ಲ. ಕಾರಣ ನಾನು. ಆ ಕಂಬ ಕಂಬದ ಕಲ್ಲು ನೋಡಿ ತಲೆ ಕೆಟ್ಟುಹೋಗಿತ್ತು. ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆದ ಕಂಬಗಳು. ಹೊಯ್ಸಳರ ತಿರುಗಣೆ ಕಂಬ ನೋಡ್ಕೊಂಡು ಬೆಳೆದವನಿಗೆ ಉಳಿ ಮುಟ್ಟದ ಕಂಬ ನೋಡಿದ್ರೆ ಏನಾಗ್ಬೇಕು ಹೇಳಿ. ಅದನ್ನ ವರ್ಣನೆ ಮಾಡ್ತಾ ರೆಕಾರ್ಡ್ ಮಾಡ್ದೆ, ಮತ್ತೆ ಮಾಡ್ದೆ, ಗಾಳಿ ಸದ್ದು ಬಂತು ಅಂತ ಮೂರನೇ ಸಲ ಮಾಡ್ದೆ. ಮೈಕ್‌ನಲ್ಲಿ ಗಾಳಿ ಸದ್ದು ಬಂದಾಗಲೇ ನನಗೆ ಅರ್ಥ ಆಗ್ಬೇಕಿತ್ತು. ಹೊರಟಾಗ ಹನ್ನೊಂದೂವರೆ.

ನಮ್ಮ ಕರಾವಳಿಯಲ್ಲಿ ಚಳಿಗಾಲ, ಬೇಸಿಗೆಯಲ್ಲಿ ನಡೆಯೋದು ಹೀಗೆ. ರಾತ್ರಿ ನೆಲ ತಣ್ಣಗಾಗುತ್ತೆ, ಬೆಳಗಿನ ಜಾವ ಗಾಳಿ ದಡದಿಂದ ಸಮುದ್ರಕ್ಕೆ ಮೆಲ್ಲಗೆ ಬೀಸುತ್ತೆ. ಬಿಸಿಲೇರಿದ ಹಾಗೆ ನೆಲ ಕಾಯುತ್ತೆ, ಗಾಳಿ ತಿರುಗಿ ವಾಯವ್ಯದಿಂದ ದಡಕ್ಕೆ ಬರುತ್ತೆ. ಮಧ್ಯಾಹ್ನ ಜೋರಾಗುತ್ತೆ. ನಾವು ಮಲ್ಪೆ ಕಡೆ ಮುಖ ಮಾಡಿದ್ರೆ ಅಲೆಗಳು ಹಿಂದಿನಿಂದ, ಎಡಗಡೆಯಿಂದ ಬರ್ತಾ ಇದ್ವು. ಹಿಂದಿನ ಅಲೆ ತಳ್ಳಿದ್ರೆ ಬೇಗ ಹೋಗ್ತೀವಿ ಅಂತ ಅನ್ಸುತ್ತೆ. ಹಾಗಾಗಲ್ಲ. ಅಲೆ ಕಯಾಕ್‌ನ ಹಿಂಭಾಗ ಎತ್ತಿ ಪಕ್ಕಕ್ಕೆ ತಿರುಗಿಸುತ್ತೆ, ಅಡ್ಡ ನಿಂತ ಕಯಾಕ್‌ನ ಮುಂದಿನ ಅಲೆ ಉರುಳಿಸುತ್ತೆ. ಅರ್ಧ ದಾರೀಲಿ ಗೆಳೆಯ ಹಾಗೇ ಉರುಳಿದ.

ಅವನು ಹೊರಗೆ ಬಂದ. ಲೈಫ್ ಜಾಕೆಟ್ ಇತ್ತು. ನೀರು ಬೆಚ್ಚಗಿತ್ತು. ಯಗಚಿಯಲ್ಲಿ ನಾವು ಇದನ್ನ ಹತ್ತಿಪ್ಪತ್ತು ಸಲ ಮಾಡಿದ್ವಿ: ಮಗುಚಿದ ಕಯಾಕ್ ಎತ್ತಿ ನೀರು ಚೆಲ್ಲೋದು, ಬಿದ್ದವನನ್ನ ಪಕ್ಕದಿಂದ ಹತ್ತಿಸೋದು. ಅಲ್ಲಿ ಎರಡು ನಿಮಿಷದ ಕೆಲಸ. ಇಲ್ಲಿ ಅವನು ಎದೆ ಮೇಲೆಳೆದಾಗ ಒಂದು ಅಲೆ, ಕಾಲು ಹಾಕಿದಾಗ ಇನ್ನೊಂದು ಅಲೆ. ನನ್ನ ಕೈಯಿಂದ ಅವನ ಕಯಾಕ್ ಎರಡು ಸಲ ಜಾರಿತು. ಇಪ್ಪತ್ತೈದು ನಿಮಿಷ. ನಾಲ್ಕನೇ ಸಲ ಅವನಿಗೆ ತೋಳಲ್ಲಿ ಶಕ್ತಿ ಇರಲಿಲ್ಲ. ಗಾಳಿ ನಮ್ಮನ್ನ ಬಂದರಿನ ಅಳಿವೆ ಕಡೆ ತಳ್ತಾ ಇತ್ತು, ಟ್ರಾಲ್ ದೋಣಿಗಳು ಓಡಾಡೋ ದಾರಿ. ಅಳಿವೆ ಅಂದ್ರೆ ನದಿ ಸಮುದ್ರ ಸೇರೋ ಬಾಯಿ, ಈ ಪದ ಇನ್ನೂ ಬರುತ್ತೆ, ನೆನಪಿಟ್ಕೊಳ್ಳಿ.

ಒಂದು ನಾಡದೋಣಿ ನಮ್ಮನ್ನ ನೋಡಿ ಬಂತು. ಇಬ್ಬರು ಗೆಳೆಯನನ್ನ ಎಳ್ಕೊಂಡ್ರು, ಕಯಾಕ್‌ಗೆ ಹಗ್ಗ ಕಟ್ಟಿದ್ರು. ವಯಸ್ಸಾದವರು ಒಬ್ಬರು ನನ್ನ ಕಡೆ ನೋಡಿ ಕೇಳಿದ್ರು, 'ಎಂತ ಮಾರಾಯ್ರೆ, ಹೊರಡುವಾಗ ಗಾಳಿ ಕೇಳ್ಲಿಕ್ಕೆ ಯಾರೂ ಸಿಗ್ಲಿಲ್ವಾ?' ನಾನು ಏನೂ ಹೇಳಲಿಲ್ಲ. ಹೇಳಿದವರು ಇದ್ರು, ನಾವು ಕೇಳಲಿಲ್ಲ.

ಇದು ನಾನು ಕಟ್ ಮಾಡಿದ ಭಾಗ. ಮನೇಲೂ ಹೇಳಿರಲಿಲ್ಲ.

ಅವತ್ತಿಂದ ಪ್ಲಾನ್ ಮೊದಲಿನಿಂದ ಶುರು ಮಾಡಿದ್ವಿ. ಮೊದಲು ಹೋದದ್ದು ಆ ನೇರ ಗೆರೆಗಳು. ಈಗ ಇರೋದು ದಡದ ಪಕ್ಕದ ದಾರಿ, ಒಂದೆರಡು ಕಿಲೋಮೀಟರ್ ಒಳಗೆ. ಪಾವಿನಕುರ್ವೆಯಿಂದ ಹೊರಟು ಬಸವರಾಜ ದುರ್ಗ ಸುತ್ತಿ ಮಂಕಿ, ಅಲ್ಲಿಂದ ಮುರುಡೇಶ್ವರ, ಭಟ್ಕಳ, ಬೈಂದೂರು, ಮರವಂತೆ, ಕುಂದಾಪುರದ ಕೋಡಿ, ಕೋಡಿಬೆಂಗ್ರೆ, ಕೊನೆಗೆ ಸೇಂಟ್ ಮೇರೀಸ್ ಹಾದು ಮಲ್ಪೆ. ಎಲ್ಲ ಸೇರಿ 110 ಕಿಲೋಮೀಟರ್ ಮೇಲೆ. ಉತ್ತರದಿಂದ ದಕ್ಷಿಣಕ್ಕೆ, ಯಾಕಂದ್ರೆ ಗಾಳಿ ಎದ್ದರೂ ಮುಖಕ್ಕೆ ಹೊಡೆಯಬಾರದು. ದಿನಕ್ಕೆ 12ರಿಂದ 20 ಕಿಲೋಮೀಟರ್, ಬೆಳಕು ಹರಿದ ಕೂಡಲೇ ಹೊರಟು ಹನ್ನೊಂದು ಗಂಟೆ ಒಳಗೆ ಮರಳಿನ ಮೇಲೆ ಇರಬೇಕು. ಎಂಟು ದಿನ ಹುಟ್ಟು ಹಾಕೋದಕ್ಕೆ, ಮೂರು ದಿನ ಸುಮ್ಮನೆ ಕೂರೋದಕ್ಕೆ. ಆ ಮೂರು ದಿನದ ಬಗ್ಗೆ ಗೆಳೆಯ ನಗ್ತಿದ್ದ, 'ರಜೆ ಹಾಕಿ ಬಂದು ಕಾಯೋದಾ?' ಅಂತ. ಆದರೆ ಕಾಯೋ ದಿನ ಪ್ಲಾನ್‌ನಲ್ಲಿ ಇಲ್ಲದಿದ್ರೆ ಕೆಟ್ಟ ದಿನಾನೂ ಹೊರಡ್ತೀವಿ. ಸೋಮವಾರ ಆಫೀಸ್ ಇದೆ ಅನ್ನೋ ಕಾರಣಕ್ಕೆ ಸಮುದ್ರಕ್ಕೆ ಇಳಿಯೋದು ನನಗೆ ನೆನೆಸಿಕೊಂಡ್ರೇ ಭಯ.

ಜನವರಿ ಯಾಕೆ ಅಂದ್ರೆ, ಮಳೆಗಾಲ ಅಂತೂ ಪ್ರಶ್ನೆಯೇ ಇಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತೆ. ಅಕ್ಟೋಬರ್, ನವೆಂಬರ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳಬಹುದು. ಏಪ್ರಿಲ್ ಮೇನಲ್ಲಿ ಇನ್ನೊಂದು ಇದೆ, ಕೇರಳದವರು ಕಳ್ಳಕ್ಕಡಲ್ ಅಂತಾರೆ. ಅನುವಾದ ಬೇಡ ಅಲ್ವಾ, ಕಳ್ಳ ಕಡಲು. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಉಬ್ಬಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬಡಿಯುತ್ತವೆ. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಆಕಾಶ ನೀಲಿ, ನೀರು ಮಾತ್ರ ಮನೆ ಬಾಗಿಲಿಗೆ. ಹಾಗಾಗಿ ಆಕಾಶ ನೋಡಿ ಹೊರಡೋದು ಸಾಕಾಗಲ್ಲ. ಹೈದರಾಬಾದ್‌ನಲ್ಲಿ ಇಂಕಾಯ್ಸ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಅಲೆ ಎತ್ತರ, ಉಬ್ಬಲೆ, ಗಾಳಿ, ಪ್ರವಾಹ ಎಲ್ಲದರ ಮುನ್ಸೂಚನೆ ಕೊಡುತ್ತೆ, ಪುಕ್ಕಟೆ. ಮಳೆ ಆಪ್ ನೋಡೋ ಅಭ್ಯಾಸ ಇರೋರು ಇದನ್ನ ನೋಡೋದು ಕಲೀರಿ. ಮೇಯಿಂದ ನಾನು ದಿನಾ ಬೆಳಿಗ್ಗೆ ನೋಡ್ತಾ ಇದೀನಿ, ಹಳೇಬೀಡಲ್ಲಿ ಕೂತು ಮುರುಡೇಶ್ವರದ ಅಲೆ ಎಷ್ಟು ಅಂತ. ಅಪ್ಪ ಇದನ್ನ ನೋಡಿ 'ಜೋಳದ ರೇಟ್ ನೋಡೋ' ಅಂತಾರೆ.

ಅಳಿವೆ ವಿಷಯಕ್ಕೆ ಬರ್ತೀನಿ. ಈ ದಾರೀಲಿ ನಮಗೆ ಭಯ ಇರೋದು ಆಳದ ನೀರಲ್ಲಿ ಅಲ್ಲ, ಅಳಿವೆಗಳಲ್ಲಿ. ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಐದು ನದಿ ಸೇರೋ ಪಂಚಗಂಗಾವಳಿ, ಕೋಡಿಬೆಂಗ್ರೆ ಹತ್ತಿರ ಸೀತಾ, ಸ್ವರ್ಣಾ. ಇಳಿತದ ಹೊತ್ತಿಗೆ ನದಿ ನೀರು ಜೋರಾಗಿ ಹೊರಗೆ ಬರುತ್ತೆ, ಸಮುದ್ರದ ಅಲೆ ಎದುರಿಗೆ ಬರುತ್ತೆ, ಕೆಳಗೆ ಮರಳ ದಿಬ್ಬ. ಮೂರೂ ಸೇರಿದ ಜಾಗದಲ್ಲಿ ಅಲೆ ನೆಟ್ಟಗೆ ಎದ್ದು ಒಡೆಯುತ್ತೆ. ದೊಡ್ಡ ದೋಣಿಗಳೇ ಅಳಿವೆಯಲ್ಲಿ ಮಗುಚಿದ ಸುದ್ದಿ ನೀವು ಓದಿರ್ತೀರಿ. ಅದಕ್ಕೆ ನಮ್ಮ ಹಾಳೆಯಲ್ಲಿ ಪ್ರತಿ ದಿನದ ಮುಂದೆ ಉಬ್ಬರ ಇಳಿತದ ಟೈಮ್ ಇದೆ. ಉಬ್ಬರ ತುಂಬಿ ನೀರು ನಿಂತ ಹೊತ್ತಲ್ಲಿ ದಾಟೋದು, ಇಲ್ಲಾಂದ್ರೆ ದೂರದಿಂದ ಸುತ್ತು ಹಾಕೋದು. ಟೈಮ್ ಹೊಂದದ ದಿನ ದಡಕ್ಕೆ ಬಂದು ಕಯಾಕ್‌ಗಳನ್ನ ಗಾಡಿಗೆ ಹಾಕಿ ಸೇತುವೆ ಮೇಲೆ ದಾಟೋದು. ಗೆಳೆಯನಿಗೆ ಇದು ಅವಮಾನ. ನನಗೇನೂ ಅನ್ಸಲ್ಲ, ಸೇತುವೆ ಕಟ್ಟಿರೋದೇ ದಾಟೋಕೆ.

ಇನ್ನು ನೇತ್ರಾಣಿ. ಈ ಎಪಿಸೋಡ್‌ನ ನಿಜವಾದ ಜಗಳ ಇಲ್ಲಿದೆ.

ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ಸ್ಕೂಬಾ ಡೈವಿಂಗ್‌ನಿಂದ ಹೆಸರಾದ ದ್ವೀಪ. ನೌಕಾಪಡೆ ಹಿಂದೆ ಗುರಿ ಅಭ್ಯಾಸಕ್ಕೂ ಬಳಸಿದ್ದ ಜಾಗ. ಸುತ್ತ ಕಡಿದಾದ ಬಂಡೆ. ಡೈವಿಂಗ್‌ಗೆ ಹೋದವರೂ ದೋಣಿಯಿಂದಲೇ ನೀರಿಗಿಳಿದು ದೋಣಿಗೇ ಹತ್ತುತ್ತಾರೆ. ಅಂದ್ರೆ ನಮಗೆ ಅದು ಇಳಿದು ಸುಧಾರಿಸಿಕೊಳ್ಳೋ ದ್ವೀಪ ಅಲ್ಲ. 19 ಹೋಗಿ, ಕಯಾಕ್‌ನಲ್ಲೇ ಕೂತು ಚಪಾತಿ ತಿಂದು, ಮತ್ತೆ 19 ಬರಬೇಕು. ಒಟ್ಟು 38 ಕಿಲೋಮೀಟರ್, ಹತ್ತಿರ ಎಂಟು ಗಂಟೆ. ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಹೊರಟ್ರೂ ವಾಪಸ್ ಮುಟ್ಟೋದು ಒಂದು ಗಂಟೆಗೆ.

ಇಲ್ಲೊಂದು ಮೋಸ ಇದೆ ನೋಡಿ. ಬೆಳಗಿನ ಗಾಳಿ ದಡದಿಂದ ಸಮುದ್ರಕ್ಕೆ. ಹೋಗುವಾಗ ಬೆನ್ನು ತಟ್ಟಿ ಕಳಿಸುತ್ತೆ. 'ಎಷ್ಟು ಈಸಿಯಾಗಿ ಹೋಗ್ತಾ ಇದೀವಿ' ಅನ್ಸುತ್ತೆ. ತಿರುಗಿ ಬರೋವಾಗ, ಕೈ ಸೋತ ಹೊತ್ತಿಗೆ, ವಾಯವ್ಯ ಗಾಳಿ ಪಕ್ಕದಿಂದ ಶುರುವಾಗುತ್ತೆ. ಮಲ್ಪೆಯಲ್ಲಿ ಗೆಳೆಯನನ್ನ ಉರುಳಿಸಿದ್ದೂ ಅದೇ ಗಾಳಿ. ಅಲ್ಲಿ ಮೂರು ಕಿಲೋಮೀಟರ್ ಆಚೆ ದಡ ಇತ್ತು. ಇಲ್ಲಿ ಹದಿನೈದು.

ಗೆಳೆಯ ಹೇಳಿದ, 'ನೇತ್ರಾಣಿ ಇಲ್ಲದಿದ್ರೆ ಈ ಟ್ರಿಪ್ಪೇ ಬೇಡ. ದಡದ ಪಕ್ಕ ಹೋಗೋಕೆ ಕಯಾಕ್ ಯಾಕೆ, ಕೆಎಸ್‌ಆರ್‌ಟಿಸಿ ಇದೆ.' ನಾನು ಹೇಳ್ದೆ, ಜೊತೆಗೆ ಒಂದು ಮೋಟಾರ್ ದೋಣಿ ಬಾಡಿಗೆಗೆ ತಗೊಳ್ಳೋಣ. 'ಪಕ್ಕದಲ್ಲಿ ದೋಣಿ ಬಂದ್ರೆ ಅದು ಸಾಹಸ ಹೇಗಾಗುತ್ತೆ ಲೋ? ಅಮ್ಮ ಹಿಡ್ಕೊಂಡಿರೋ ಸೈಕಲ್ ಥರ.' ಮಾತಿಗೆ ಮಾತು ಬೆಳೀತು. ಅವನು ಮೇಯಿಂದ ವಾರಕ್ಕೆ ನಾಲ್ಕು ದಿನ ಯಗಚಿಗೆ ಹೋಗಿ ಬೆವರು ಸುರಿಸಿದಾನೆ. ನನಗಿಂತ ಅವನು ಈಗ ಎಷ್ಟೋ ಗಟ್ಟಿ. ಬಿದ್ದವನು ಅವನು, ಹೋಗ್ಬೇಕು ಅನ್ನೋನೂ ಅವನೇ. ನಾನು ಬೀಳದೇ ಇದ್ದವನು, ಬೇಡ ಅನ್ನೋನು. ಮೂರು ವಾರ ನಾವು ಫೋನ್ ಮಾಡ್ಲಿಲ್ಲ. ಒಟ್ಟಿಗೆ ಟೀ ಕುಡಿಯೋ ಅಂಗಡಿಗೆ ಬೇರೆ ಬೇರೆ ಹೊತ್ತಲ್ಲಿ ಹೋಗ್ತಿದ್ವಿ.

ಅವನ ಮಾತಲ್ಲಿ ನ್ಯಾಯ ಇಲ್ಲ ಅಂತಲ್ಲ. ಮುಂಬೈನ ಕೌಸ್ತುಭ್ ಖಾಡೆ ದ್ವಾರಕೆಯಿಂದ ಕನ್ಯಾಕುಮಾರಿವರೆಗೆ ಸುಮಾರು 3000 ಕಿಲೋಮೀಟರ್ ಕಯಾಕ್ ಮಾಡಿದಾರೆ, ನಮ್ಮ ಕರಾವಳಿ ಉದ್ದಕ್ಕೂ ಹಾದು. ಗೆಳೆಯ ಅದನ್ನ ತೋರಿಸಿ 'ನೋಡು' ಅಂದ. ನಾನೂ ನೋಡಿದೆ. ಆ ಪ್ರಯಾಣದಲ್ಲಿ ಶಾಂಜಲಿ ಶಾಹಿ ದಡದಲ್ಲಿ ಸೈಕಲ್ ಮೇಲೆ ಜೊತೆ ಜೊತೆಗೆ ಬಂದಿದ್ರು. ಅಷ್ಟು ದೊಡ್ಡ ಪ್ರಯಾಣ ಮಾಡಿದವರಿಗೇ ದಡದಲ್ಲಿ ಒಬ್ಬರು ಬೇಕಿತ್ತು ಅಂದ್ರೆ ನಮ್ಮದೇನು?

ಬಿ.ಕಾಂ.ನಲ್ಲಿ ಸಂಕ್ ಕಾಸ್ಟ್ ಅಂತ ಒಂದು ಪಾಠ ಇತ್ತು. ಈಗಾಗಲೇ ಖರ್ಚಾದ, ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರ ಮಾಡೋವಾಗ ಅದನ್ನ ಲೆಕ್ಕಕ್ಕೆ ತಗೋಬಾರದು ಅಂತ ಮೇಷ್ಟ್ರು ಹೇಳ್ತಿದ್ರು. ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಮೊನ್ನೆ ನಮ್ಮ ಖರ್ಚಿನ ಪುಸ್ತಕ ತೆಗೆದು ನೋಡ್ದೆ. ಜಾಕೆಟ್, ಡ್ರೈ ಬ್ಯಾಗ್, ಪೆಟ್ರೋಲು, ಕಯಾಕ್ ಬಾಡಿಗೆ ಮುಂಗಡ, ಎಲ್ಲ ಸೇರಿ 61,400 ರೂಪಾಯಿ ಆಗಿತ್ತು, ಇನ್ನೂ ನೀರಿಗೆ ಇಳಿದಿಲ್ಲ. ಇಷ್ಟು ಹಾಕಿದ ಮೇಲೆ ಸಮುದ್ರದ ಮಧ್ಯೆ 'ವಾಪಸ್ ಹೋಗೋಣ' ಅಂತ ಯಾರ ಬಾಯಲ್ಲಿ ಬರುತ್ತೆ? ಮಲ್ಪೆಯಲ್ಲಿ ನನ್ನ ಬಾಯಲ್ಲಿ ಬರಲಿಲ್ಲ, ಆಗ ಹಾಕಿದ್ದು ಬರೀ ಎರಡು ಸಾವಿರ. ಈ ಪಾಠ ಕಲಿಯೋಕೆ ಸಮುದ್ರಕ್ಕಿಂತ ಸರಿಯಾದ ಜಾಗ ಇಲ್ಲ, ಸಂಕ್ ಅನ್ನೋ ಪದಕ್ಕೆ ಅಲ್ಲಿ ನೇರ ಅರ್ಥ ಇದೆ.

ಅದಕ್ಕೆ ಅಂಗಡಿಗೆ ಹೋಗಿ ಗೆಳೆಯನ ಮುಂದೆ ಒಂದು ಹಾಳೆ ಇಟ್ಟೆ. ವಾದ ಮಾಡೋಕಲ್ಲ. ವಾಪಸ್ ಬರೋ ನಿರ್ಧಾರಗಳನ್ನೆಲ್ಲ ಈಗಲೇ, ಅರಸೀಕೆರೆಯಲ್ಲಿ, ಫ್ಯಾನ್ ಕೆಳಗೆ ಕೂತು ಮಾಡ್ಬಿಡೋಣ ಅಂತ. ಮುನ್ಸೂಚನೆಯಲ್ಲಿ ಗಾಳಿ 10 ನಾಟ್ ದಾಟಿದ್ರೆ ಹೊರಡಲ್ಲ. 10 ನಾಟ್ ಅಂದ್ರೆ ಗಂಟೆಗೆ 18, 19 ಕಿಲೋಮೀಟರ್. ಅಲೆ ಒಂದು ಮೀಟರ್ ದಾಟಿದ್ರೆ ಹೊರಡಲ್ಲ. ಹತ್ತು ಗಂಟೆಗೆ ಎಲ್ಲೇ ಇದ್ರೂ ಮೂಗು ದಡದ ಕಡೆ. ಇಬ್ಬರಲ್ಲಿ ಒಬ್ಬ 'ಬೇಡ' ಅಂದ್ರೆ ಬೇಡ, ಕಾರಣ ಕೇಳೋ ಹಾಗಿಲ್ಲ, ಸಂಜೆ ಆಡಿಕೊಳ್ಳೋ ಹಾಗೂ ಇಲ್ಲ. ಅವನು ಓದಿದ. ಟೀ ಮುಗಿಸಿದ. ಆಮೇಲೆ ಕೇಳಿದ, 'ಹತ್ತು ಗಂಟೆಗೆ ಮೂಗು ದಡದ ಕಡೆ ಅಂದ್ರೆ ನೇತ್ರಾಣಿ ಲೆಕ್ಕದಲ್ಲೇ ಬರಲ್ವಲ್ಲ?' ಬರಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ ಕೇಳಿದ. ಮುರುಡೇಶ್ವರ, ನೇತ್ರಾಣಿ, ಮುರುಡೇಶ್ವರ ಅಂತ ಇದ್ದ ಸಾಲನ್ನ ಅವನೇ ಹೊಡೆದು ಹಾಕಿದ. ಪಕ್ಕದಲ್ಲಿ ಚಿಕ್ಕದಾಗಿ 'ಮುಂದಿನ ವರ್ಷ, ದೋಣಿ ಜೊತೆ' ಅಂತ ಬರೆದ. ನಾನು ನೋಡದ ಹಾಗೆ ಇದ್ದೆ.

ಸಾಮಾನಿನ ಬಗ್ಗೆ ಬೇಗ ಹೇಳ್ಬಿಡ್ತೀನಿ, ಯಾಕಂದ್ರೆ ಮೆಸೇಜ್‌ನಲ್ಲಿ ಎಲ್ಲರೂ ಕೇಳೋದು ಅದೇ. ಗಿಡ್ಡ ಕಯಾಕ್ ಹಿನ್ನೀರಿಗೆ, ಕಾಂಡ್ಲಾ ಕಾಡಿನ ನೀರಿಗೆ ಚೆನ್ನ, ದ್ವೀಪಕ್ಕೆ ಬೇಡ. ಲೈಫ್ ಜಾಕೆಟ್ ಕಯಾಕ್ ಮೇಲೆ ಕಟ್ಟಿಡೋದಲ್ಲ, ಮೈಮೇಲೆ ಹಾಕ್ಕೊಳ್ಳೋದು. ದಿನಕ್ಕೆ ಒಬ್ಬರಿಗೆ ನಾಲ್ಕೈದು ಲೀಟರ್ ನೀರು. ಸೀಟಿ, ಕನ್ನಡಿ, ಹೆಚ್ಚಿಗೆ ಒಂದು ಹುಟ್ಟು. ಫೋನ್ ನೀರು ಹೋಗದ ಚೀಲದಲ್ಲಿ. ಆನ್‌ಲೈನ್‌ನಲ್ಲಿ ಸ್ಯಾಟಲೈಟ್ ಫೋನ್ ನೋಡಿ ಆರ್ಡರ್ ಮಾಡ್ಬೇಡಿ, ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನ ಇಟ್ಕೊಂಡ್ರೆ ಕೇಸ್ ಆಗುತ್ತೆ. ಎರಡು ನಂಬರ್ ಬಾಯಿಪಾಠ ಮಾಡಿ: ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554. ಹೊರಡೋ ಮೊದಲು ಕರಾವಳಿ ಕಾವಲು ಪೊಲೀಸರಿಗೆ ನಮ್ಮ ದಾರಿ, ದಿನಗಳನ್ನ ಬರೆದು ಕೊಡ್ತೀವಿ, ಅವರು ಬೇಡ ಅಂದ ಕಡೆ ಹೋಗಲ್ಲ. ಮುಖ್ಯವಾಗಿ, ಮಗುಚಿದ ಮೇಲೆ ಹತ್ತೋದನ್ನ ನಿಂತ ನೀರಲ್ಲಿ ಕಲಿತು ಬಂತು ಅಂದ್ಕೋಬೇಡಿ. ಅಕ್ಟೋಬರ್‌ನಲ್ಲಿ ಎರಡು ಸಲ ಮಲ್ಪೆಗೆ ಹೋಗಿ, ತಿಳಿದವರು ಪಕ್ಕದಲ್ಲಿ ಇರೋವಾಗ, ಅಲೆಯಲ್ಲೇ ಬೇಕಂತ ಬಿದ್ದು ಹತ್ತಿದೀವಿ. ಮೊದಲ ದಿನ ಹತ್ತರಲ್ಲಿ ಮೂರು ಸಲ ಆಯ್ತು. ಎರಡನೇ ಸಲ ಹೋದಾಗ ಹತ್ತರಲ್ಲಿ ಎಂಟು. ಉಳಿದ ಎರಡಕ್ಕೆ ಡಿಸೆಂಬರ್‌ನಲ್ಲಿ ಮತ್ತೆ ಹೋಗ್ತೀವಿ.

ಆ ಕೇಳುಗನಿಗೆ ನಾನು ಫೋನ್ ಮಾಡ್ದೆ. ಇದನ್ನೆಲ್ಲ ಹೇಳ್ದೆ. ಅವನು 'ಹಾಗಾದ್ರೆ ಆವತ್ತು ಯಾಕೆ ಹೇಳ್ಲಿಲ್ಲ ಅಣ್ಣ?' ಅಂತ ಕೇಳಿದ. ಕೇಳುಗರು ಕಡಿಮೆ ಆಗ್ತಾರೆ ಅಂತ, ನಗ್ತಾರೆ ಅಂತ, ಮನೇಲಿ ಗೊತ್ತಾಗುತ್ತೆ ಅಂತ. ಮೂರೂ ನಿಜ. ಅವರು ಈಗ ಪ್ರವಾಸಿ ದೋಣಿಯಲ್ಲಿ ದ್ವೀಪಕ್ಕೆ ಹೋಗ್ತಾರಂತೆ. ಹಳೇ ಎಪಿಸೋಡ್‌ನ ಶುರುವಿಗೆ ಕಟ್ ಮಾಡಿದ ಭಾಗ ಸೇರಿಸಿ ಮತ್ತೆ ಹಾಕಿದೀನಿ.

ಅಮ್ಮನಿಗೆ ಹೇಳೋದು ಇದಕ್ಕಿಂತ ಕಷ್ಟ ಆಯ್ತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಸಮುದ್ರದಲ್ಲಿ ತೀರಿಕೊಂಡ್ರಲ್ಲ, ಆ ಸುದ್ದಿ ಅಮ್ಮ ಟಿವಿಯಲ್ಲಿ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಸಮುದ್ರ ಗೊತ್ತಿಲ್ಲದ ಊರಿನ ಮಕ್ಕಳು ಅಂತ. ನಾನೂ ಅಂಥದ್ದೇ ಊರಿನವನು. ಅಡುಗೆಮನೆ ಬಾಗಿಲಲ್ಲಿ ನಿಂತು ಫೆಬ್ರವರಿಯ ಕಥೆ ಪೂರ್ತಿ ಹೇಳ್ದೆ. ಅಮ್ಮ ಬೈಯಲಿಲ್ಲ, ಅಳಲಿಲ್ಲ. ರೊಟ್ಟಿ ತಟ್ಟೋದು ನಿಲ್ಲಿಸಿ, 'ಆ ದೋಣಿಯವರಿಗೆ ಏನಾದ್ರೂ ಕೊಟ್ರಾ?' ಅಂತ ಕೇಳಿದ್ರು. ಕೊಟ್ಟಿರಲಿಲ್ಲ, ಅವರು ತಗೊಂಡಿರಲಿಲ್ಲ. ಮುಂದಿನ ಸಲ ಮಲ್ಪೆಗೆ ಹೋದಾಗ ಅಮ್ಮ ಒಂದು ಚೀಲ ಕೊಬ್ಬರಿ ಕಳಿಸಿದ್ರು. ಹುಡುಕಿ ಕೊಟ್ಟು ಬಂದ್ವಿ.

ಈಗ ವ್ಯವಸ್ಥೆ ಹೀಗಿದೆ. ಗೆಳೆಯನ ಅಣ್ಣ ಓಮ್ನಿ ತಗೊಂಡು ಹೈವೇಯಲ್ಲಿ ನಮ್ಮ ಜೊತೆಗೇ ಬರ್ತಾರೆ. ದಿನಾ ದಡ ಮುಟ್ಟಿದ ಕೂಡಲೇ ಅಮ್ಮನಿಗೆ ಫೋನ್. ಹನ್ನೆರಡು ಗಂಟೆಗೆ ಫೋನ್ ಬರಲಿಲ್ಲ ಅಂದ್ರೆ ಅಮ್ಮ ಗೆಳೆಯನ ಅಣ್ಣನಿಗೆ ಮಾಡ್ತಾರೆ. ಒಂದು ಗಂಟೆಗೂ ಇಲ್ಲ ಅಂದ್ರೆ 1093. 'ಅವರಿಗೆ ಏನಂತ ಹೇಳ್ಬೇಕು? ಬರೆದು ಕೊಡು' ಅಂದ್ರು. ಕೂತು ದೊಡ್ಡ ಅಕ್ಷರದಲ್ಲಿ ಒಂದು ಹಾಳೆ ಬರೆದೆ. ಎಲ್ಲಿಂದ ಹೊರಟ್ರು, ಎಲ್ಲಿ ಇಳಿಯಬೇಕಿತ್ತು, ಕಯಾಕ್ ಬಣ್ಣ ಹಳದಿ ಒಂದು, ಕೆಂಪು ಒಂದು, ಜಾಕೆಟ್ ಕಿತ್ತಳೆ, ನೀರು ಎಷ್ಟಿದೆ, ಫೋನ್ ನಂಬರ್ ಯಾವುದು, ಎಲ್ಲ. ಅಮ್ಮ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. ಹಾಳೆ ವಾಪಸ್ ಕೊಟ್ಟು ಹೇಳಿದ್ರು:

'ಎಲ್ಲಾ ಬರೆದಿದೀಯ. ನಿಮ್ಮಿಬ್ಬರ ಹೆಸರೇ ಇಲ್ವಲ್ಲೋ.'

ಬರೆದು ಫ್ರಿಜ್ ಮೇಲೆ ಅಂಟಿಸಿದೀವಿ. ಹೊರಡೋ ದಿನ ಜನವರಿ 17. ಗಾಳಿ ಬಿಡಲಿಲ್ಲ ಅಂದ್ರೆ ಪಾವಿನಕುರ್ವೆಯ ಮರಳಲ್ಲಿ ಕೂತೇ ಒಂದು ಎಪಿಸೋಡ್ ಮಾಡಿ ಕಳಿಸ್ತೀನಿ.